ಅಚ್ಚುಕೂಟ ಮನೆಗೆ ಬಂದ ಬಗೆ

ಕೋಲಾರ ಜಿಲ್ಲೆಯ ಶಾಸನಗಳನ್ನು ಒಂದೆಡೆ ಕೂಡಿಸಿಕೊಟ್ಟ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಹೊರಬಂದದ್ದು 1905ರಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ಆ ಗ್ರಂಥದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ವಿಂಗಡಿಸಿದ ಶಾಸನಗಳಿವೆ. ದಾನ ಕೊಟ್ಟ ಹೊಲ, ಅದರ ನಾಲ್ಕು ದಿಕ್ಕಿನ ಎಲ್ಲೆ, ಕಟ್ಟಿಸಿದ ಕೆರೆ, ದನ ಬಿಡಿಸುವಾಗ ಮಡಿದ ವೀರ, ಹೀಗೆ ಊರಿನವರು ಮರೆಯಬಾರದೆಂದು ಕಲ್ಲಿನಲ್ಲಿ ಕೆತ್ತಿಸಿದ ಸಂಗತಿಗಳು ಅವು. ಕಲ್ಲುಗಳು ಇದ್ದದ್ದು ಮೈಸೂರು ಸೀಮೆಯ ಪೂರ್ವದಂಚಿನಲ್ಲಿ. ಗ್ರಂಥ ಅಚ್ಚಾದದ್ದು ಮಾತ್ರ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕೋಲಾರದ ಅಕ್ಷರ ಕಾಗದದ ಮೇಲೆ ಮೂಡಬೇಕಾದರೆ ಘಟ್ಟ ಇಳಿದು ಕಡಲ ತಡಿಗೆ ಹೋಗಿಬರಬೇಕಾಗಿತ್ತು.

ಇಂದು ಅದೇ ಮುಳಬಾಗಿಲಿನ ಒಂದು ಸಾಧಾರಣ ಮನೆಯಲ್ಲಿ, ಮಗುವಿನ ಓದುವ ಮೇಜಿನ ಮೂಲೆಯಲ್ಲಿ ಇಡಬಹುದಾದ ಪೆಟ್ಟಿಗೆಯೊಂದು ನಿಮಿಷಕ್ಕೆ ಇಪ್ಪತ್ತು ಪುಟಗಳನ್ನು ಅಚ್ಚು ಮಾಡಿ ಹಾಕುತ್ತದೆ. ಅದರ ಹೆಸರು ಲೇಸರ್ ಪ್ರಿಂಟರ್. ಮನೆಗೊಂದು ಅಗ್ಗದ ಪ್ರಿಂಟರ್ ಕೊಳ್ಳಬೇಕು, ಯಾವುದನ್ನು ಆರಿಸೋಣ ಎಂದು ಕೇಳುವವರು ಈಗ ಹೆಚ್ಚುತ್ತಿದ್ದಾರೆ. ಅಂಗಡಿಯವರು ಯಂತ್ರದ ಬೆಲೆ ಹೇಳುತ್ತಾರೆ. ಆದರೆ ಮುದ್ರಣದ ಇತಿಹಾಸ ಹೇಳುವುದೇ ಬೇರೆ. ಅಚ್ಚುಕೂಟ ಮನೆಗೆ ಒಂದೊಂದು ಹೆಜ್ಜೆ ಹತ್ತಿರ ಬಂದಾಗಲೂ ಅದರ ಖರ್ಚು ಒಂದು ಕಡೆ ಇಳಿದು ಇನ್ನೊಂದು ಕಡೆ ಅಡಗಿಕೊಂಡಿದೆ. ಎಲ್ಲಿ ಅಡಗಿದೆ ಎಂದು ತಿಳಿದವನಿಗೆ ಆಯ್ಕೆ ಸುಲಭ.

ಕಲ್ಲಿನಿಂದ ಸೀಸಕ್ಕೆ

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಮೂಡಿದ್ದು ಸೀಸದ ಮೊಳೆಯಿಂದಲ್ಲ, ಕಲ್ಲಚ್ಚಿನಿಂದ. ಕೈಯಲ್ಲಿ ಬರೆದ ಅಕ್ಷರಗಳನ್ನು ನುಣುಪಾದ ಕಲ್ಲಿನ ಮೇಲೆ ಇಳಿಸಿ, ಅದಕ್ಕೆ ಮಸಿ ಹಚ್ಚಿ ಕಾಗದ ಒತ್ತುವ ವಿಧಾನ ಅದು. ಶಾಸನದ ಕಲ್ಲು ಶಾಶ್ವತವಾಗಿ ನಿಲ್ಲುತ್ತದೆ. ಕಲ್ಲಚ್ಚಿನ ಕಲ್ಲನ್ನು ಉಜ್ಜಿ ತೊಳೆದು ಮತ್ತೆ ಬಳಸಬಹುದು. ಕನ್ನಡದಂಥ ಲಿಪಿಗೆ ಇದು ತಕ್ಷಣಕ್ಕೆ ಒದಗಿಬಂತು. ಏಕೆಂದರೆ ಮೊಳೆ ಮಾಡಿಸುವುದು ಬಹು ದುಬಾರಿಯಾಗಿತ್ತು.

ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಸೇರಿ ಒಂದಿಷ್ಟು ಮೊಳೆಯಾದರೆ ಕೆಲಸ ನಡೆಯುತ್ತದೆ. ಕನ್ನಡಕ್ಕೆ ಸ್ವರ, ವ್ಯಂಜನ, ಗುಣಿತ, ಕೆಳಗೆ ಸೇರಿಸುವ ಒತ್ತಕ್ಷರ ಎಲ್ಲ ಬೇಕು. ನೂರಾರು ಬಗೆಯ ಮೊಳೆ, ಒಂದೊಂದು ಬಗೆಯಲ್ಲೂ ಸಾಕಷ್ಟು ಪ್ರತಿ. ಅದನ್ನೆಲ್ಲ ಎರಕ ಹೊಯ್ಯಿಸಿ, ಖಾನೆಗಳಲ್ಲಿ ತುಂಬಿ, ಜೋಡಿಸಬಲ್ಲ ನುರಿತ ಕೈಗಳಿಗೆ ಸಂಬಳ ಕೊಡುವ ಶಕ್ತಿ ಇದ್ದದ್ದು ದೊಡ್ಡ ಊರಿನ ಮುದ್ರಣಾಲಯಗಳಿಗೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಪತ್ರಿಕೆ ನಡೆಸಿದ್ದು ಬೆಂಗಳೂರಿನಲ್ಲಿ. ಮಾಲೂರು ತಾಲ್ಲೂಕಿನ ಮಾಸ್ತಿಯವರು ‘ಜೀವನ’ ಮಾಸಪತ್ರಿಕೆ ನಡೆಸಿದ್ದೂ ಬೆಂಗಳೂರಿನಿಂದಲೇ. ಬರೆಯುವ ಕೈ ಕೋಲಾರ ಸೀಮೆಯದು, ಅಚ್ಚು ಹಾಕುವ ಕೈ ಪಟ್ಟಣದ್ದು.

ತಾಲ್ಲೂಕು ಕೇಂದ್ರಗಳಿಗೆ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಗಳು ಬಂದಮೇಲೆ ಲಗ್ನಪತ್ರಿಕೆ, ಬಿಲ್ಲು ಪುಸ್ತಕ, ಚುನಾವಣೆಯ ಕರಪತ್ರ ಊರಿನಲ್ಲೇ ಅಚ್ಚಾದವು. ಆದರೂ ಮನೆಗೆ ಅಚ್ಚುಕೂಟ ದೂರವೇ ಉಳಿಯಿತು. ಕಾರಣ ಸರಳ. ಮೊಳೆ ಜೋಡಿಸುವ ಶ್ರಮ ಒಂದು ಪ್ರತಿಗೂ ಅಷ್ಟೆ, ಐನೂರು ಪ್ರತಿಗೂ ಅಷ್ಟೆ. ಮನೆಗಳಿಗೆ ಬೇಕಾದದ್ದು ಐನೂರು ಪ್ರತಿಯಲ್ಲ, ಒಂದೇ ಒಂದು. ಒಂದು ಅರ್ಜಿ, ಒಂದು ಕರಾರುಪತ್ರ, ಒಂದು ಜಾತಿ ಪ್ರಮಾಣಪತ್ರದ ನಕಲು. ಅದಕ್ಕೆ ತಾಲ್ಲೂಕು ಕಚೇರಿಯ ಮುಂದೆ ಕೂತ ಅರ್ಜಿ ಬರೆಯುವವರೋ, ಬೆರಳಚ್ಚು ಯಂತ್ರದವರೋ ಗತಿ. ಆ ಬೆರಳಚ್ಚು ಯಂತ್ರವೂ ಕನ್ನಡವನ್ನು ನೂರಕ್ಕಿಂತ ಕಡಿಮೆ ಗುರುತುಗಳಲ್ಲಿ ಹಿಡಿಸಬೇಕಾಗಿದ್ದರಿಂದ ಅಕ್ಷರ ಬಿಡಿಬಿಡಿಯಾಗಿ, ಒತ್ತು ಅತ್ತಿತ್ತಲಾಗಿ ಮೂಡುತ್ತಿತ್ತು.

ಒಣ ಬರಹ

ಒಂದೇ ಪ್ರತಿಯನ್ನು ಅಗ್ಗವಾಗಿ ತೆಗೆಯುವ ಉಪಾಯ ಹೊಳೆದದ್ದು ಅಚ್ಚಿನ ಕಸುಬಿನವನಿಗಲ್ಲ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ನ್ಯೂಯಾರ್ಕಿನ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿದ್ದವನು. ದಾಖಲೆಗಳ ಪ್ರತಿಗಳು ಎಂದೂ ಸಾಕಾಗುತ್ತಿರಲಿಲ್ಲ. ಬಡತನದಲ್ಲಿ ಬೆಳೆದ ಅವನು ರಾತ್ರಿ ಕಾನೂನು ಓದುತ್ತ, ಕೊಳ್ಳಲಾಗದ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೂತು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದ. ಮನೆಯ ಅಡುಗೆಕೋಣೆಯಲ್ಲಿ ಪ್ರಯೋಗ ಆರಂಭಿಸಿ, 1938ರ ಅಕ್ಟೋಬರ್ 22ರಂದು ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಅದನ್ನು ಸಾಧಿಸಿದ. ಗಂಧಕ ಲೇಪಿಸಿದ ಸತುವಿನ ತಗಡಿಗೆ ಬಟ್ಟೆ ಉಜ್ಜಿ ವಿದ್ಯುತ್ತು ಹುಟ್ಟಿಸಿ, ಬೆಳಕು ಬೀಳಿಸಿ, ಪುಡಿ ಚೆಲ್ಲಿ, ಉಳಿದ ಪುಡಿಯನ್ನು ಮೇಣದ ಕಾಗದಕ್ಕೆ ಕಾಯಿಸಿ ಅಂಟಿಸಿದ. ಬೆಳಕು ಬಿದ್ದ ಕಡೆ ವಿದ್ಯುತ್ತು ಹರಿದುಹೋಗುತ್ತದೆ. ಬೀಳದ ಕಡೆ ಪುಡಿ ಹಿಡಿದುಕೊಳ್ಳುತ್ತದೆ. ಇಷ್ಟೇ ಗುಟ್ಟು.

ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಅವನನ್ನು ಹಿಂದಕ್ಕೆ ಕಳಿಸಿದವು. ಕೊನೆಗೆ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಕೈಹಿಡಿಯಿತು. ಗ್ರೀಕ್ ಭಾಷೆಯಲ್ಲಿ ‘ಒಣ ಬರಹ’ ಎಂಬರ್ಥದ ಜೆರೋಗ್ರಫಿ ಎಂಬ ಹೆಸರು ಅದಕ್ಕಾಯಿತು. 1959ರಲ್ಲಿ ಬಂದ ‘ಜೆರಾಕ್ಸ್ 914’ ಯಂತ್ರದಿಂದ ಆ ಹೆಸರು ಲೋಕವನ್ನೆಲ್ಲ ಸುತ್ತಿ, ನಮ್ಮ ಬಸ್ ನಿಲ್ದಾಣದ ಪಕ್ಕದ ‘ಜೆರಾಕ್ಸ್ ಅಂಗಡಿ’ಯ ಫಲಕದವರೆಗೂ ಬಂದು ಮುಟ್ಟಿತು.

ಜೆರಾಕ್ಸ್ ಯಂತ್ರಕ್ಕೆ ನಕಲು ಮಾಡಲು ಒಂದು ಮೂಲ ಕಾಗದ ಬೇಕು. ಮೂಲವೇ ಇಲ್ಲದೆ ಕಂಪ್ಯೂಟರು ಹೇಳಿದ್ದನ್ನು ಲೇಸರ್ ಕಿರಣದಿಂದ ನೇರವಾಗಿ ಡ್ರಮ್ಮಿನ ಮೇಲೆ ಬರೆಸಿದರೆ ಹೇಗೆ ಎಂದು ಯೋಚಿಸಿದವನು ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್. ಮೇಲಧಿಕಾರಿಗಳಿಗೆ ಅದು ರುಚಿಸಲಿಲ್ಲ. ಅವನು 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಕಂಪನಿಯ ಇನ್ನೊಂದು ಸಂಶೋಧನಾಲಯಕ್ಕೆ ಹೋಗಿ ಅಲ್ಲಿ ಯಂತ್ರವನ್ನು ಕಟ್ಟಿದ. ಜೆರಾಕ್ಸ್ ಕಂಪನಿ 1977ರಲ್ಲಿ ಮಾರಾಟಕ್ಕಿಟ್ಟ ಲೇಸರ್ ಪ್ರಿಂಟರ್ ಒಂದು ಕೋಣೆಯ ಭಾಗವನ್ನೇ ಆಕ್ರಮಿಸುವಷ್ಟು ದೊಡ್ಡದು.

ಅದನ್ನು ಮೇಜಿಗೆ ಇಳಿಸಿದ್ದು ಜಪಾನಿನ ಕ್ಯಾನನ್ ಕಂಪನಿಯ ಒಂದು ಜಾಣತನ. ಸವೆಯುವ ಡ್ರಮ್, ಖಾಲಿಯಾಗುವ ಟೋನರ್ ಪುಡಿ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು, ಪುಡಿ ಮುಗಿದಾಗ ಡಬ್ಬಿಯನ್ನೇ ಬದಲಿಸುವಂತೆ ಮಾಡಿತು. ಮೆಕ್ಯಾನಿಕ್ ಬರುವುದು ಬೇಡ. 1984ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್‌ನ ಒಳಗಿದ್ದದ್ದು ಈ ಕ್ಯಾನನ್ ಯಂತ್ರವೇ. ಬೆಲೆ 3,495 ಡಾಲರ್. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಯಂತ್ರ ಅಗ್ಗವಾಗಲು ದಾರಿಯಾದದ್ದು ಆ ಡಬ್ಬಿ. ಖರ್ಚು ಹೋಗಿ ಅಡಗಿದ್ದೂ ಆ ಡಬ್ಬಿಯೊಳಗೇ.

ಕನ್ನಡ ಕಲಿತ ಯಂತ್ರ

ಮೊದಲ ಲೇಸರ್‌ಜೆಟ್ಟಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಆಕಾರಗಳು ಅದರೊಳಗೇ ಇದ್ದವು. ಕಂಪ್ಯೂಟರು ‘ಇಂಥ ಅಕ್ಷರ’ ಎಂದರೆ ಸಾಕು, ಅದು ಒತ್ತುತ್ತಿತ್ತು. ಅದರಲ್ಲಿಲ್ಲದ ಲಿಪಿಯನ್ನು ಚುಕ್ಕಿಚುಕ್ಕಿಯಾಗಿ ಚಿತ್ರದಂತೆ ಕಳಿಸಬೇಕು. ಇಂಚಿಗೆ 300 ಚುಕ್ಕಿಯಂತೆ ಒಂದು ಎ4 ಪುಟಕ್ಕೆ ಸುಮಾರು 87 ಲಕ್ಷ ಚುಕ್ಕಿಗಳು. ಅದಕ್ಕೆ ಒಂದು ಮೆಗಾಬೈಟಿನಷ್ಟು ಸ್ಮರಣೆ ಬೇಕು. ಆ ಯಂತ್ರದಲ್ಲಿದ್ದದ್ದು 128 ಕಿಲೋಬೈಟ್, ಅಂದರೆ ಎಂಟರಲ್ಲೊಂದು ಪಾಲು. 1985ರ ಆಪಲ್ ಲೇಸರ್‌ರೈಟರ್ ಅಕ್ಷರವನ್ನು ರೇಖೆಗಳಾಗಿ ಬಣ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅರಿತಿತ್ತು. ಯಾರು ಯಾವ ಲಿಪಿಯ ಆಕಾರ ಬಣ್ಣಿಸಿದರೂ ಅದನ್ನು ಅಚ್ಚು ಮಾಡುವ ಶಕ್ತಿ ಅದಕ್ಕಿತ್ತು. ಬೆಲೆ ಮಾತ್ರ 6,995 ಡಾಲರ್. ಅದು ಮನೆಯ ಮಾತಾಗಿರಲಿಲ್ಲ.

ಮುಂದಿನ ಕೆಲಸ ನಡೆದದ್ದು ಕಂಪ್ಯೂಟರಿನ ಕಡೆ. ಭಾರತೀಯ ಲಿಪಿಗಳಿಗೆ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಸ್ಥಾನ ಸಿಕ್ಕಿತು. ಕೆ.ಪಿ. ರಾವ್ ಅವರು ಕನ್ನಡವನ್ನು ಸಾಮಾನ್ಯ ಕೀಲಿಮಣೆಗೆ ಹೊಂದಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಕಾಲಿಟ್ಟಿತು. ಇತ್ತ ಮನೆಯ ಕಂಪ್ಯೂಟರು ಬಲಶಾಲಿಯಾದಂತೆ ಪ್ರಿಂಟರು ತಯಾರಿಸುವವರು ಇನ್ನೊಂದು ಉಳಿತಾಯ ಕಂಡುಕೊಂಡರು. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸ ಕಂಪ್ಯೂಟರೇ ಮಾಡಲಿ, ಪ್ರಿಂಟರು ಸುಮ್ಮನೆ ಚುಕ್ಕಿ ಹಾಕಲಿ ಎಂದು. ಹೀಗೆ ಬುದ್ಧಿ ಕಳಚಿದ ಪ್ರಿಂಟರು ಅಗ್ಗವಾಯಿತು. ಕನ್ನಡಕ್ಕೆ ಇದು ಅನಿರೀಕ್ಷಿತ ವರ. ಪರದೆಯ ಮೇಲೆ ಸರಿಯಾಗಿ ಕಾಣುವ ಯಾವ ಲಿಪಿಯಾದರೂ ಕಾಗದದ ಮೇಲೂ ಸರಿಯಾಗಿ ಬೀಳುತ್ತದೆ.

ಮೂರು ಭಾಷೆಗಳು ಕೂಡುವ ಕೋಲಾರದಲ್ಲಿ ಈ ಮಾತಿಗೆ ತೂಕ ಹೆಚ್ಚು. ಇಲ್ಲಿನ ಶಾಸನಗಳಲ್ಲಿಯೇ ಕನ್ನಡ, ತೆಲುಗು, ತಮಿಳು ಮೂರೂ ಇವೆ. ಆಂಧ್ರದ ಗಡಿಗೆ ಅಂಟಿಕೊಂಡ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಪಾಠ ಕನ್ನಡವಾಗಿರುವ ಸಂಸಾರಗಳು ಬೇಕಾದಷ್ಟು. ಮೊಳೆಯ ಕಾಲದಲ್ಲಿ ಎರಡು ಲಿಪಿಗೆ ಎರಡು ಪಟ್ಟು ಸೀಸ ಬೇಕಿತ್ತು. ಇಂದು ಉರ್ದು ಸೇರಿಸಿ ನಾಲ್ಕು ಲಿಪಿ ಅಚ್ಚು ಮಾಡಿದರೂ ಪುಡಿ ಒಂದೇ. ಆದ್ದರಿಂದ ‘ಕನ್ನಡ ಬರುವ ಪ್ರಿಂಟರ್’ ಎಂದು ಹುಡುಕಿ ಹೆಚ್ಚು ಹಣ ಕೊಡುವ ಅಗತ್ಯವೇ ಇಲ್ಲ. ನೋಡಬೇಕಾದದ್ದು ಚುಕ್ಕಿಗಳ ದಟ್ಟಣೆ. ಇಂಚಿಗೆ 600 ಚುಕ್ಕಿ ಇದ್ದರೆ ಸಣ್ಣ ಒತ್ತಕ್ಷರವೂ ಕಲೆಸಿಹೋಗದೆ ಸ್ಪಷ್ಟವಾಗಿ ಮೂಡುತ್ತದೆ. ಈಗಿನ ಸಾಮಾನ್ಯ ಯಂತ್ರಗಳಲ್ಲಿ ಇಷ್ಟು ಇದ್ದೇ ಇರುತ್ತದೆ.

ಪುಟದ ಲೆಕ್ಕ

ಈಗ ಡಬ್ಬಿಯ ವಿಷಯ. ಒಂದು ಕಾರ್ಟ್ರಿಜ್ ಎಷ್ಟು ಪುಟ ಕೊಡುತ್ತದೆಂದು ಅಳೆಯಲು 2004ರಿಂದ ಅಂತರರಾಷ್ಟ್ರೀಯ ಮಾನಕವೊಂದಿದೆ. ನಿಗದಿತ ಮಾದರಿ ಪುಟವನ್ನು ಪುಡಿ ತೀರುವವರೆಗೆ ಅಚ್ಚು ಮಾಡಿ ಎಣಿಸುವುದು ಅದರ ರೀತಿ. ಆ ಪುಟದಲ್ಲಿ ಮಸಿ ಹಿಡಿಯುವ ಜಾಗ ನೂರಕ್ಕೆ ಐದರಷ್ಟು ಮಾತ್ರ. ದಪ್ಪಕ್ಷರ, ಚಿತ್ರ, ಗಾಢವಾದ ಚೌಕಟ್ಟು ಇರುವ ಪುಟಗಳಿಗೆ ಅಷ್ಟು ಬಾಳಿಕೆ ಬರುವುದಿಲ್ಲ. ನಮ್ಮೂರ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದ ಕ್ಯಾನನ್ ಎಲ್‌ಬಿಪಿ 2900 ಯಂತ್ರದ ಕಾರ್ಟ್ರಿಜ್ಜಿಗೆ ಕಂಪನಿ ಹೇಳುವ ಆಯುಷ್ಯ 2,000 ಪುಟ. ಎಚ್‌ಪಿಯ 88ಎ ಎಂಬುದಕ್ಕೆ 1,500. ಬ್ರದರ್ ಕಂಪನಿಯದು ಬೇರೆ ಪದ್ಧತಿ. ಪುಡಿಯ ಡಬ್ಬಿ ಬೇರೆ, ಡ್ರಮ್ ಬೇರೆ. ಅದರ ಒಂದು ಮಾದರಿಯಲ್ಲಿ ಪುಡಿ 2,600 ಪುಟಕ್ಕೆ, ಡ್ರಮ್ 12,000 ಪುಟಕ್ಕೆ.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಯಂತ್ರದ ಬೆಲೆ 11,000 ರೂಪಾಯಿ, 1,500 ಪುಟದ ಕಾರ್ಟ್ರಿಜ್ಜಿಗೆ 4,500 ರೂಪಾಯಿ ಎನ್ನಿ. ಪುಟಕ್ಕೆ ಪುಡಿಯ ಖರ್ಚು 3 ರೂಪಾಯಿ. ಎರಡನೆಯ ಯಂತ್ರಕ್ಕೆ 16,000 ರೂಪಾಯಿ. 2,600 ಪುಟದ ಪುಡಿಗೆ 2,600, ಹನ್ನೆರಡು ಸಾವಿರ ಪುಟದ ಡ್ರಮ್ಮಿಗೆ 6,000 ಎನ್ನಿ. ಪುಟಕ್ಕೆ ಒಂದೂವರೆ ರೂಪಾಯಿ. ಕೊಳ್ಳುವ ದಿನ ಎರಡನೆಯದಕ್ಕೆ 5,000 ಹೆಚ್ಚು ಕೊಟ್ಟಿದ್ದೇವೆ. ಪುಟಕ್ಕೆ ಒಂದೂವರೆ ರೂಪಾಯಿಯಂತೆ ಅದು ತೀರಲು ಸುಮಾರು 3,300 ಪುಟ ಬೇಕು. ತಿಂಗಳಿಗೆ 50 ಪುಟ ತೆಗೆಯುವ ಮನೆಗೆ ಇದು ಐದೂವರೆ ವರ್ಷದ ದಾರಿ. ಅಂಥವರಿಗೆ ಮೊದಲನೆಯದೇ ಲೇಸು. ಓದುವ ಮಕ್ಕಳಿಬ್ಬರಿದ್ದು, ಮನೆಪಾಠವೂ ನಡೆದು ತಿಂಗಳಿಗೆ 200 ಪುಟ ಬೇಕಾಗುವ ಮನೆಗೆ ಒಂದೂವರೆ ವರ್ಷದೊಳಗೆ ಲೆಕ್ಕ ಚುಕ್ತಾ, ಆಮೇಲೆಲ್ಲ ಉಳಿತಾಯ. ಕಾಗದದ ಖರ್ಚು ಎರಡಕ್ಕೂ ಸಮ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ತಿಂಗಳಿಗೆ ಇಪ್ಪತ್ತೇ ಪುಟ ಸಾಕೆನ್ನುವ ಮನೆ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ ಕೊಟ್ಟರೂ ವರ್ಷಕ್ಕೆ 1,200 ರೂಪಾಯಿ. ಅಂಥವರಿಗೆ ಯಾವ ಯಂತ್ರವೂ ಅಗ್ಗವಲ್ಲ. ಆದರೆ ಮಾಲೂರಿನ ಪೇಟೆಬೀದಿಯವರ ಲೆಕ್ಕ ಬೇರೆ, ಬಸ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಾದ ಹಳ್ಳಿಯವರ ಲೆಕ್ಕ ಬೇರೆ. ಒಂದು ಪುಟಕ್ಕಾಗಿ ಹೋದ ಅರ್ಧ ದಿನದ ಕೂಲಿಯನ್ನೂ ಆ ಪುಟದ ಬೆಲೆಗೆ ಸೇರಿಸಬೇಕಾಗುತ್ತದೆ.

ಒಣ ಸೀಮೆಗೆ ಒಗ್ಗುವ ಯಂತ್ರ

ಇಂಕ್‌ಜೆಟ್ ಪ್ರಿಂಟರ್ ಕೊಳ್ಳುವಾಗ ಅಗ್ಗ, ಬಣ್ಣವನ್ನೂ ಕೊಡುತ್ತದೆ. ಆದರೆ ಅದರ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ದ್ರವ ಮಸಿ ನಿಂತಿರುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯ ಬೇಸಿಗೆಯಲ್ಲಿ, ಮಕ್ಕಳಿಗೆ ರಜೆ ಇದ್ದು ಎರಡು ತಿಂಗಳು ಯಂತ್ರ ಮುಟ್ಟದಿದ್ದರೆ, ಮಸಿ ಒಣಗಿ ರಂಧ್ರ ಕಟ್ಟಿಕೊಳ್ಳುವ ಭಯವಿದೆ. ಲೇಸರಿನ ಪುಡಿ ಮೊದಲೇ ಒಣಗಿದ್ದು. ಆರು ತಿಂಗಳ ಮೇಲೆ ಗುಂಡಿ ಒತ್ತಿದರೂ ಅಕ್ಷರ ಬರುತ್ತದೆ. ಅಪರೂಪಕ್ಕೆ ಬಳಸುವ, ಬಣ್ಣ ಬೇಡದ ಮನೆಗೆ ಲೇಸರ್ ಹೊಂದುವುದು ಈ ಕಾರಣಕ್ಕೆ. ದಿನವೂ ಬಣ್ಣದ ಚಿತ್ರ ಬೇಕೆನ್ನುವವರಿಗೆ ಮಸಿಯ ಟ್ಯಾಂಕ್ ಇರುವ ಇಂಕ್‌ಜೆಟ್ಟೇ ಸರಿ.

ಲೇಸರಿಗೂ ಎರಡು ಶತ್ರುಗಳಿವೆ. ಒಂದು ದೂಳು. ಬಳಸದಿರುವಾಗ ಬಟ್ಟೆ ಹೊದಿಸಿಡಬೇಕು, ಕಾಗದವನ್ನು ಕಟ್ಟಿನೊಳಗೇ ಇಡಬೇಕು. ಇನ್ನೊಂದು ವಿದ್ಯುತ್ತು. ಪುಡಿಯನ್ನು ಕರಗಿಸಿ ಕಾಗದಕ್ಕೆ ಹಿಡಿಸುವ ಉರುಳೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಆ ಕ್ಷಣದಲ್ಲಿ ಅದು ಎಳೆಯುವುದು ನೂರಾರು ವ್ಯಾಟ್. ಕಂಪ್ಯೂಟರಿಗೆಂದು ಇಟ್ಟ ಸಣ್ಣ ಯುಪಿಎಸ್‌ಗೆ ಇದನ್ನು ಸಿಕ್ಕಿಸಬಾರದು. ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಡಬೇಕು.

ಪುಡಿ ಮರುತುಂಬಿಸುವ ವಿಚಾರವೂ ನಮ್ಮೂರ ಚರಿತ್ರೆಯ ಭಾಗವೇ. ಎಚ್‌ಪಿಯ 12ಎ ಕಾರ್ಟ್ರಿಜ್ಜಿನಲ್ಲಿ ಎಣಿಕೆ ಇಡುವ ಚಿಪ್ ಇರಲಿಲ್ಲ. ಊರಿನ ರಿಪೇರಿಯವರು ಅದನ್ನು ಬಿಚ್ಚಿ, ಪುಡಿ ತುಂಬಿ, ಮತ್ತೆ ಮುಚ್ಚಿ ಕೊಟ್ಟರು. ಹಳೆಯ ಮಾದರಿಗಳು ಸಣ್ಣ ಊರುಗಳಲ್ಲಿ ಅಷ್ಟು ಕಾಲ ಬಾಳಿದ್ದಕ್ಕೆ ಇದೊಂದು ಮುಖ್ಯ ಕಾರಣ. ಆಮೇಲೆ ಬಂದ ಹಲವು ಯಂತ್ರಗಳು ಚಿಪ್ಪಿನ ಮೂಲಕ ಈ ದಾರಿಯನ್ನು ಕಿರಿದು ಮಾಡಿವೆ; ಕೆಲವಕ್ಕೆ ಸದಾ ಇಂಟರ್‌ನೆಟ್ಟೂ ಕಂಪನಿಯದೇ ಡಬ್ಬಿಯೂ ಇದ್ದರೆ ಮಾತ್ರ ಕೆಲಸ. ಇದಕ್ಕೆ ಎದುರಾಗಿ, ಬಳಕೆದಾರನೇ ಪುಡಿ ತುಂಬಿಕೊಳ್ಳುವಂತೆ ತಯಾರಾದ ಮಾದರಿಗಳೂ 2019ರಿಂದೀಚೆಗೆ ಬಂದಿವೆ.

ಹೀಗಾಗಿ ಅಂಗಡಿಗೆ ಹೋಗುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವಿಷ್ಟು. ಹೊಸ ಕಾರ್ಟ್ರಿಜ್ಜಿನ ಬೆಲೆ ಎಷ್ಟು, ಪುಟ ಎಷ್ಟು? ಪೆಟ್ಟಿಗೆಯೊಡನೆ ಬರುವ ಡಬ್ಬಿ ಪೂರ್ತಿ ತುಂಬಿದ್ದೋ, ಅರೆ ತುಂಬಿದ್ದೋ? ಡ್ರಮ್ ಅದರಲ್ಲೇ ಇದೆಯೋ, ಬೇರೆಯೋ? ಕೋಲಾರದಲ್ಲೇ ಆ ಡಬ್ಬಿ ಸಿಗುತ್ತದೆಯೋ, ಬೆಂಗಳೂರಿಗೆ ಹೋಗಬೇಕೋ? ಎರಡೂ ಮಗ್ಗುಲು ತಾನೇ ಅಚ್ಚು ಮಾಡುತ್ತದೆಯೆ? ಮಾಡಿದರೆ ಕಾಗದದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಇಲ್ಲದ ಮನೆಯಾದರೆ ಮೊಬೈಲಿನಿಂದ ನೇರ ಅಚ್ಚಾಗುವ ವೈಫೈ ಬೇಕೇಬೇಕು. ಕೈಬದಲಿನ ಹಳೆಯ ಯಂತ್ರ ಕೊಳ್ಳುವವರು, ಅದು ತಮ್ಮ ಕಂಪ್ಯೂಟರಿನ ಈಗಿನ ವಿಂಡೋಸ್‌ಗೆ ಹೊಂದುವುದೇ ಎಂದು ಕಣ್ಣೆದುರಿಗೇ ಒಂದು ಪುಟ ತೆಗೆಸಿ ನೋಡಬೇಕು. ಬುದ್ಧಿಯನ್ನು ಕಂಪ್ಯೂಟರಿಗೆ ಬಿಟ್ಟುಕೊಟ್ಟ ಯಂತ್ರಕ್ಕೆ ಕಂಪ್ಯೂಟರು ಬದಲಾದರೆ ದಿಕ್ಕು ತಪ್ಪುತ್ತದೆ.

ಒಂದು ಪುಟದ ಬೆಲೆ

ಇಷ್ಟೆಲ್ಲ ಲೆಕ್ಕ ಒಂದು ಪೆಟ್ಟಿಗೆಗಾಗಿಯೆ ಎನ್ನಿಸಬಹುದು. ಆದರೆ ಆ ಪುಟ ಯಾವುದೆಂದು ನೋಡಿ. 2000ದ ಸುಮಾರಿಗೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ಕೈಬರಹಕ್ಕೆ ಕಾಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕೇಂದ್ರದಲ್ಲಿ ಅಚ್ಚಾದ ಕನ್ನಡ ಪಹಣಿ ಪಡೆಯುವಂತಾಯಿತು. ಮುಂದೆ ಶುಲ್ಕವನ್ನು ಇಂಟರ್‌ನೆಟ್ಟಿನಲ್ಲೇ ಕಟ್ಟಿ ಪಹಣಿಯನ್ನು ಮನೆಯಲ್ಲೇ ಅಚ್ಚು ಮಾಡಿಕೊಳ್ಳುವ ಅವಕಾಶವೂ ಬಂತು. ಶ್ರೀನಿವಾಸಪುರದ ಮಾವಿನ ತೋಪಿನ ಸರ್ವೆ ನಂಬರು, ಹಿಡುವಳಿದಾರನ ಹೆಸರು, ವಿಸ್ತೀರ್ಣ ಆ ಹಾಳೆಯ ಮೇಲಿವೆ. ಕಲ್ಲಿನ ಶಾಸನ ಹೇಳುತ್ತಿದ್ದುದೂ ಬಹುಪಾಲು ಇದನ್ನೇ: ಈ ಹೊಲ ಯಾರದು, ಎಲ್ಲೆ ಎಲ್ಲಿ ಎಂದು.

ಲೇಸರಿನ ಪುಡಿ ಎಂದರೆ ಇಂಗಾಲ ಬೆರೆತ ಪ್ಲಾಸ್ಟಿಕ್. ಕಾದು ಕಾಗದಕ್ಕೆ ಕಚ್ಚಿಕೊಂಡ ಮೇಲೆ ಅದು ನೀರು ಬಿದ್ದರೆ ಹರಡುವುದಿಲ್ಲ. ಆದರೆ ಅಂಥ ಹಾಳೆಯನ್ನು ಮೃದುವಾದ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಒತ್ತಿಟ್ಟರೆ ಅಕ್ಷರ ಕಿತ್ತು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದುಂಟು. ಕಾಗದದ ಕಡತವೇ ಕ್ಷೇಮ. ಮಂಗಳೂರಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಮನೆಗೆ ಬಂದ ಅಚ್ಚುಕೂಟವನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬೆಲೆಚೀಟಿಯನ್ನು ಒಮ್ಮೆ ಓದಿದರೆ ಸಾಕು. ಡಬ್ಬಿಯ ಮೇಲಿನ ಪುಟಸಂಖ್ಯೆಯನ್ನು ಮಾತ್ರ ಎರಡು ಸಲ ಓದಬೇಕು.